ಹತ್ತಿರ ಹೋದಷ್ಟೂ ಮಸುಕು: ಒಂದು ಮಿಲಿಮೀಟರಿನ ಲೆಕ್ಕ

ಕಾಫಿ ಕಾಯಿ ಬಲಿಯುವ ಹೊತ್ತಿಗೆ ಬಾಳೆಹೊನ್ನೂರು, ಮೂಡಿಗೆರೆ, ಸಕಲೇಶಪುರ ಕಡೆಯ ಬೆಳೆಗಾರರ ಯಾವ ವಾಟ್ಸ್‌ಆ್ಯಪ್ ಗುಂಪು ತೆರೆದರೂ ಒಂದೇ ನಮೂನೆಯ ಫೋಟೊ ಕಾಣುತ್ತದೆ. ಅಂಗೈ ಮೇಲೆ ಒಂದು ಕಾಯಿ. ಅಂಗೈಯ ಗೆರೆಗಳು ಜ್ಯೋತಿಷಿಗೆ ತೋರಿಸುವಷ್ಟು ಸ್ಪಷ್ಟ, ಕಾಯಿ ಮಾತ್ರ ಮಂಜು. ಕೆಳಗೊಂದು ಪ್ರಶ್ನೆ: "ಇದು ಬೋರರ್ರಾ ಸಾರ್, ಸ್ವಲ್ಪ ನೋಡಿ ಹೇಳಿ." ನೋಡಿ ಹೇಳುವುದಕ್ಕೆ ಆ ಫೋಟೊದಲ್ಲಿ ಏನೂ ಇರುವುದಿಲ್ಲ.

ಬೋರರ್ ಎಂದರೆ ಕಾಯಿಕೊರಕ, ಕಾಫಿ ಕಾಯಿಯನ್ನು ಕೊರೆದು ಒಳಹೊಗುವ ಹುಳು. ಅದು ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಹೆಣ್ಣು ಹುಳು ಎರಡು ಮಿಲಿಮೀಟರೂ ಇಲ್ಲ. ಅದು ಕೊರೆಯುವ ತೂತು ಗುಂಡುಪಿನ್ನಿನ ತಲೆಯಷ್ಟು, ಅದೂ ಹೆಚ್ಚಾಗಿ ಕಾಯಿಯ ತುದಿಯ ಹೊಕ್ಕುಳಿನಲ್ಲಿ. ಇಷ್ಟು ಸಣ್ಣದನ್ನು ಹಿಡಿಯಲು ಹೊರಟವರು ಮೊದಲು ಬೈಯುವುದು ಕ್ಯಾಮೆರಾವನ್ನು, ಆಮೇಲೆ ಹುಡುಕುವುದು ಹೊಸ ಲೆನ್ಸನ್ನು. ನೂರಕ್ಕೆ ತೊಂಬತ್ತು ಸಲ ಎರಡರದ್ದೂ ತಪ್ಪಿಲ್ಲ. ಹತ್ತಿರದಿಂದ ತೆಗೆಯುವಾಗ ಶಾರ್ಪ್ ಆಗಿ ಸಿಗುವ ಜಾಗ ಎಷ್ಟು ತೆಳುವಾಗಿರುತ್ತದೆ ಅನ್ನುವ ಅಂದಾಜೇ ನಮಗಿರುವುದಿಲ್ಲ. ಆ ದಪ್ಪ ಗೊತ್ತಾದರೆ ಉಳಿದದ್ದೆಲ್ಲ, ಯಾವ ಕೋನ, ಯಾವ ಎಫ್ ಸಂಖ್ಯೆ (ಲೆನ್ಸಿನ ಕಿಂಡಿಯ ಅಳತೆ; ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಸಣ್ಣದು), ಯಾವ ಬೆಳಕು ಅನ್ನುವುದೆಲ್ಲ, ಅದರಿಂದಲೇ ಹೊರಡುತ್ತದೆ.

ಲೆನ್ಸಿನ ಮುಂದೆ ಗಾಳಿಯಲ್ಲಿ ಒಂದು ಪದರ ತೂಗಿಬಿಟ್ಟಿದೆ ಎಂದುಕೊಳ್ಳಿ: ಹಪ್ಪಳದ ಹಾಗೆ ಚಪ್ಪಟೆ, ಹಪ್ಪಳದಷ್ಟೇ ತೆಳು, ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರಿಗೆ ಸಮಾನಾಂತರ. ಆ ಪದರದೊಳಗೆ ಬಂದದ್ದು ಶಾರ್ಪ್, ಮುಂದೆ ಹಿಂದೆ ಉಳಿದದ್ದು ಮಸುಕು. ಫೋಟೊಗ್ರಫಿಯವರು ಡೆಪ್ತ್ ಆಫ್ ಫೀಲ್ಡ್ ಅನ್ನುವುದು ಈ ಪದರದ ದಪ್ಪಕ್ಕೆ. ಕೆರೆ ಏರಿಯ ಮೇಲೆ ನಿಂತು ಗುಡ್ಡದ ಫೋಟೊ ತೆಗೆಯುವಾಗ ಇದು ನೂರಾರು ಮೀಟರ್ ಇರುತ್ತದೆ, ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ವಸ್ತು ಎಷ್ಟು ದೊಡ್ಡದೋ ಸೆನ್ಸರ್ ಮೇಲೆ ಬಿಂಬವೂ ಅಷ್ಟೇ ದೊಡ್ಡದಾದಾಗ, ಅಂದರೆ 1:1 ಮ್ಯಾಗ್ನಿಫಿಕೇಶನ್ನಿನಲ್ಲಿ, ಕತೆಯೇ ಬೇರೆ.

ಲೆಕ್ಕ ಕಷ್ಟದ್ದಲ್ಲ. ಸೆನ್ಸರ್ 36 ಮಿ.ಮೀ. ಅಗಲವಿರುವ ಫುಲ್ ಫ್ರೇಮ್ ಕ್ಯಾಮೆರಾಕ್ಕೆ, ಹತ್ತಿರದಿಂದ ತೆಗೆಯಲೆಂದೇ ಮಾಡಿದ ಮ್ಯಾಕ್ರೋ ಲೆನ್ಸಿಗೆ ಹೀಗೆ: ಎಫ್ ಸಂಖ್ಯೆಯನ್ನು 0.06ರಿಂದ ಗುಣಿಸಿ, ಬಂದದ್ದನ್ನು ಮ್ಯಾಗ್ನಿಫಿಕೇಶನ್ನಿಗೆ ಒಂದು ಕೂಡಿಸಿ ಅದರಿಂದ ಗುಣಿಸಿ, ಕೊನೆಗೆ ಮ್ಯಾಗ್ನಿಫಿಕೇಶನ್ನಿನ ವರ್ಗದಿಂದ ಭಾಗಿಸಿ. ಉತ್ತರ ಮಿಲಿಮೀಟರಿನಲ್ಲಿ. ಎಫ್/8 ಇಟ್ಟು 1:1ರಲ್ಲಿ ತೆಗೆದರೆ 0.96 ಮಿ.ಮೀ. ಅರ್ಧ ಗಾತ್ರಕ್ಕೆ ಇಳಿದರೆ 2.9, ಕಾಲು ಗಾತ್ರಕ್ಕೆ 9.6. ಎರಡು ಪಟ್ಟು ಹಿಗ್ಗಿಸಿದರೆ 0.36. ಈ ನಾಲ್ಕು ಅಂಕಿ ಬಾಯಿಪಾಠವಾದರೆ ತೋಟದಲ್ಲಿ ಸೂತ್ರ ಬೇಡ. ಇದೂ ಮಾಮೂಲಿ ಗಾತ್ರದ ಪ್ರಿಂಟ್ ನೋಡುವವರ ಲೆಕ್ಕ. ಕಂಪ್ಯೂಟರಿನಲ್ಲಿ ನೂರು ಪರ್ಸೆಂಟ್ ಹಿಗ್ಗಿಸಿ ನೋಡುವವರಿಗೆ ಪದರ ಇನ್ನೂ ತೆಳು.

ಗಮನಿಸಿ, ಈ ಲೆಕ್ಕದಲ್ಲಿ ಲೆನ್ಸಿನ ಫೋಕಲ್ ಲೆಂಗ್ತ್ ಎಲ್ಲೂ ಬರಲಿಲ್ಲ. 60 ಎಂ.ಎಂ. ಲೆನ್ಸಿನಲ್ಲಾಗಲಿ 100 ಎಂ.ಎಂ. ಲೆನ್ಸಿನಲ್ಲಾಗಲಿ ಕಾಯಿಯನ್ನು ಅದೇ ಗಾತ್ರಕ್ಕೆ ತುಂಬಿಸಿದರೆ ಪದರ ಅಷ್ಟೇ. 100ರದ್ದು ಕೊಡುವ ಲಾಭ ದೂರ: 1:1ರಲ್ಲೂ ಲೆನ್ಸಿನ ಮೂತಿಗೂ ಹುಳಕ್ಕೂ ನಡುವೆ ಹದಿಮೂರು ಹದಿನಾಲ್ಕು ಸೆಂಟಿಮೀಟರ್ ಉಳಿಯುತ್ತದೆ, ಹುಳ ಹೆದರುವುದಿಲ್ಲ, ಬೆಳಕಿಗೂ ದಾರಿ ಇರುತ್ತದೆ. ಲೆನ್ಸಿನ ಮೇಲೆ ಬರೆದಿರುವ 0.3 ಮೀಟರ್ ಸೆನ್ಸರಿನಿಂದ ಅಳೆದ ದೂರ. ಅದನ್ನು ಲೆನ್ಸಿನ ಮೂತಿಯಿಂದ ಅಂದುಕೊಂಡು ಹಿಂದೆ ನಿಂತು, ಲೆನ್ಸು 1:1 ಕೊಡುತ್ತಿಲ್ಲ ಅನ್ನುವವರು ಬಹಳ.

ನೀವು ಯಾವ ಮ್ಯಾಗ್ನಿಫಿಕೇಶನ್ನಿನಲ್ಲಿದ್ದೀರಿ ಎಂದು ತಿಳಿಯಲು ಮಕ್ಕಳ ಸ್ಕೇಲು ಸಾಕು. ಫ್ರೇಮಿನ ಅಗಲಕ್ಕೆ 36 ಮಿ.ಮೀ. ಕಂಡರೆ ಫುಲ್ ಫ್ರೇಮಿನಲ್ಲಿ 1:1, 72 ಕಂಡರೆ ಅರ್ಧ. ಅದೇ ಸ್ಕೇಲನ್ನು ಗೋಡೆಗೋ ಪುಸ್ತಕಕ್ಕೋ 45 ಡಿಗ್ರಿ ಒರಗಿಸಿ ನಡುವಿನ ಒಂದು ಗೆರೆಗೆ ಫೋಕಸ್ ಮಾಡಿ ತೆಗೆದು ನೋಡಿ. ಎಷ್ಟು ಗೆರೆ ಶಾರ್ಪ್ ಇವೆಯೋ ಎಣಿಸಿ 0.7ರಿಂದ ಗುಣಿಸಿದರೆ ನಿಮ್ಮ ಲೆನ್ಸಿನ ನಿಜವಾದ ಪದರದ ದಪ್ಪ ಸಿಗುತ್ತದೆ. ಫೋಕಸ್ ಕೊಟ್ಟ ಗೆರೆಯ ಬದಲು ಅದರ ಹಿಂದಿನದೋ ಮುಂದಿನದೋ ಶಾರ್ಪ್ ಬಂದಿದ್ದರೆ ಆಟೊಫೋಕಸ್ ನಿಮಗೆ ಸುಳ್ಳು ಹೇಳುತ್ತಿದೆ ಎಂದರ್ಥ. ಹಳೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಇದು ಮಾಮೂಲು.

ಈಗ ಆ ಕಾಯಿಗೆ ಬರೋಣ. ಕಾಯಿಯ ತುದಿಯ ಹೊಕ್ಕುಳು ಸುಮಾರು ನಾಲ್ಕು ಮಿಲಿಮೀಟರ್ ಅಗಲದ ಪುಟ್ಟ ತಟ್ಟೆ ಎಂದಿಟ್ಟುಕೊಳ್ಳಿ. ಕಾಯಿಯನ್ನು 30 ಡಿಗ್ರಿ ಓರೆ ಹಿಡಿದು ತೆಗೆದರೆ ತಟ್ಟೆಯ ಹತ್ತಿರದ ಅಂಚಿಗೂ ದೂರದ ಅಂಚಿಗೂ ಆಳದಲ್ಲಿ ಎರಡು ಮಿಲಿಮೀಟರ್ ವ್ಯತ್ಯಾಸ. ಪದರವಿರುವುದು ಒಂದು ಮಿಲಿಮೀಟರ್. ಅರ್ಧ ಹೊಕ್ಕುಳು ಹೋಯಿತು. ಅದೇ ಕಾಯಿಯನ್ನು ತೊಟ್ಟಿನಿಂದ ತುದಿಯವರೆಗಿನ ನೇರಕ್ಕೆ ಲೆನ್ಸು ಬರುವ ಹಾಗೆ ತಿರುಗಿಸಿ, ಹೊಕ್ಕುಳು ಕ್ಯಾಮೆರಾವನ್ನೇ ದಿಟ್ಟಿಸುವಂತೆ ಮಾಡಿದರೆ ಇಡೀ ತಟ್ಟೆ, ತೂತು, ತೂತಿನ ಬಾಯಲ್ಲಿ ಅಂಟಿದ ಪುಡಿ, ಎಲ್ಲವೂ ಅದೇ ಒಂದು ಮಿಲಿಮೀಟರಿನೊಳಗೆ ಕೂರುತ್ತವೆ. ಲೆನ್ಸು ಅದೇ, ಎಫ್ ಸಂಖ್ಯೆ ಅದೇ, ಖರ್ಚು ಸೊನ್ನೆ. ಪದರವನ್ನು ದಪ್ಪ ಮಾಡುವುದಕ್ಕಿಂತ ಬೇಕಾದದ್ದನ್ನೆಲ್ಲ ಪದರದೊಳಗೆ ಮಲಗಿಸುವುದು ಯಾವಾಗಲೂ ಅಗ್ಗ.

ಚಿಟ್ಟೆ ರೆಕ್ಕೆ ಮಡಚಿ ಕೂತಾಗ ಪಕ್ಕದಿಂದ ತೆಗೆದರೆ ಚೆನ್ನಾಗಿ ಬರುವುದೂ, ಎದುರಿನಿಂದ ತೆಗೆದರೆ ಮೂಗು ಬಿಟ್ಟು ಮಿಕ್ಕಿದ್ದೆಲ್ಲ ಕರಗುವುದೂ ಇದೇ ಕಾರಣಕ್ಕೆ. ಎಲೆತುಕ್ಕಿನ ಕಿತ್ತಳೆ ಪುಡಿ ಎಲೆಯ ಅಡಿಯಲ್ಲಿರುತ್ತದೆ. ಎಲೆಯನ್ನು ಬಗ್ಗಿಸಿ ಹಿಡಿದರೆ ಒಂದು ಮಚ್ಚೆ ಸ್ಪಷ್ಟ, ಪಕ್ಕದ ಮಚ್ಚೆ ಮಸುಕು. ಹಲಗೆಯ ಮೇಲೆ ಚಪ್ಪಟೆ ಹಾಸಿ ನೇರ ಮೇಲಿನಿಂದ ತೆಗೆದರೆ ಮುಗಿಯಿತು. ನಾಣ್ಯ, ಬೀಜ, ಅಂಚೆಚೀಟಿಯಂಥ ಚಪ್ಪಟೆ ವಸ್ತುವಿಗೆ ಕ್ಯಾಮೆರಾ ನಿಜವಾಗಿ ಸಮಾನಾಂತರ ಇದೆಯೇ ಎಂದು ನೋಡಲು ಸುಲಭದ ಉಪಾಯ: ವಸ್ತುವಿನ ಜಾಗದಲ್ಲಿ ಸಣ್ಣ ಕನ್ನಡಿ ಇಡಿ. ಲೆನ್ಸಿನ ಬಿಂಬ ಫ್ರೇಮಿನ ನಟ್ಟನಡುವೆ ಬರುವವರೆಗೆ ಕ್ಯಾಮೆರಾ ಸರಿಸಿ, ಆಮೇಲೆ ಕನ್ನಡಿ ತೆಗೆದು ವಸ್ತು ಇಡಿ.

ಕಾಫಿ ಹೂವು ಮಾತ್ರ ಹೀಗೆ ಸುಲಭಕ್ಕೆ ಬಗ್ಗುವುದಿಲ್ಲ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಅರಳುತ್ತದೆ, ಒಂದೆರಡು ದಿನದಲ್ಲಿ ಕಂದಿಹೋಗುತ್ತದೆ, ಅಷ್ಟರಲ್ಲೇ ಮುಗಿಸಬೇಕು. ಎಸಳುಗಳು ಬಿಚ್ಚಿಕೊಂಡ ಮಟ್ಟದಿಂದ ಕೇಸರಗಳೂ ಎರಡಾಗಿ ಸೀಳಿದ ಶಲಾಕೆಯ ತುದಿಯೂ ಸಾಕಷ್ಟು ಮುಂದಕ್ಕೆ ಚಾಚಿರುತ್ತವೆ. ಎದುರಿನಿಂದ ಅರ್ಧ ಗಾತ್ರದಲ್ಲಿ ಎಫ್/8ಕ್ಕೆ ತೆಗೆದರೆ ಕೈಯಲ್ಲಿರುವುದು ಮೂರು ಮಿಲಿಮೀಟರಿಗೂ ತುಸು ಕಮ್ಮಿ. ಶಲಾಕೆ ಹಿಡಿದರೆ ಎಸಳು ಬಿಡಬೇಕು, ಎಸಳು ಹಿಡಿದರೆ ಶಲಾಕೆ. ಎದುರಿನಿಂದಲೇ ಬೇಕಿದ್ದರೆ ಶಲಾಕೆಯ ತುದಿಗೆ ಫೋಕಸ್ ಕೊಡಿ. ಮುಂದಿರುವುದು ಮಸುಕಾಗಿ ಹಿಂದಿರುವುದು ಶಾರ್ಪ್ ಇದ್ದರೆ ಕಣ್ಣಿಗೆ ಕಿರಿಕಿರಿ, ತಿರುಗಾಮುರುಗಾ ಆದರೆ ಅಷ್ಟಿಲ್ಲ. ಇಲ್ಲವೇ ಪಕ್ಕಕ್ಕೆ ಬಂದು ಕೊಳವೆ, ಕೇಸರ, ಶಲಾಕೆ ಮೂರೂ ಒಂದೇ ಮಟ್ಟದಲ್ಲಿ ಕಾಣುವ ಹೂವನ್ನು ಗೊಂಚಲಿನಲ್ಲಿ ಆರಿಸಿಕೊಳ್ಳಿ. ಒಂದು ಗೊಂಚಲಿನಲ್ಲಿ ಅಂಥದ್ದೊಂದು ಇದ್ದೇ ಇರುತ್ತದೆ. ಬಿಳಿ ಹೂವಿಗೆ ಇನ್ನೊಂದು ತಾಪತ್ರಯ: ಸುತ್ತ ಕಡುಹಸುರು ಎಲೆಗಳಿರುವುದರಿಂದ ಕ್ಯಾಮೆರಾ ಮೋಸಹೋಗಿ ಬೆಳಕು ಹೆಚ್ಚು ಕೊಡುತ್ತದೆ, ಎಸಳಿನ ನವುರು ಗೆರೆಗಳು ಸುಟ್ಟುಹೋಗುತ್ತವೆ. ಫೋಕಸ್ ಸರಿಯಿದ್ದರೂ ಮಸುಕು ಅನ್ನಿಸುತ್ತದೆ. ಎಕ್ಸ್‌ಪೋಶರ್ ಕಾಂಪನ್ಸೇಶನ್ (ಕ್ಯಾಮೆರಾ ಕೊಡುವ ಬೆಳಕನ್ನು ಹೆಚ್ಚುಕಡಿಮೆ ಮಾಡುವ ಸೆಟ್ಟಿಂಗ್) ಮೈನಸ್ 0.7ರಿಂದ ಶುರುಮಾಡಿ.

ಇಷ್ಟು ಹೇಳಿದ ಮೇಲೂ ಹೆಚ್ಚಿನವರ ಕೈ ಹೋಗುವುದು ಎಫ್ ಸಂಖ್ಯೆಗೆ. ಪದರ ಸಾಲದೇ? ಎಫ್/22ಕ್ಕೆ ಹಾಕು. ಇಲ್ಲಿ ಎರಡು ಕಡೆಯಿಂದ ಏಟು ಬೀಳುತ್ತದೆ. ಮೊದಲನೆಯದು, ಹತ್ತಿರ ಹೋದಾಗ ಎಫ್ ಸಂಖ್ಯೆ ತಾನಾಗಿಯೇ ಏರಿರುತ್ತದೆ: ಬರೆದ ಸಂಖ್ಯೆಯನ್ನು ಮ್ಯಾಗ್ನಿಫಿಕೇಶನ್ನಿಗೆ ಒಂದು ಕೂಡಿಸಿ ಗುಣಿಸಿದಷ್ಟು. 1:1ರಲ್ಲಿ ಎಫ್/8 ಎಂದರೆ ಹೆಚ್ಚುಕಡಿಮೆ ಎಫ್/16ರ ಬೆಳಕು, ಎಫ್/16 ಎಂದರೆ ಎಫ್/32. ನಿಕಾನ್ ಕ್ಯಾಮೆರಾಗಳು ತಮ್ಮ ಮೈಕ್ರೋ ಲೆನ್ಸಿನೊಂದಿಗೆ ಈ ಏರಿದ ಸಂಖ್ಯೆಯನ್ನೇ ತೋರಿಸುತ್ತವೆ, ಕ್ಯಾನನ್ ತೋರಿಸುವುದಿಲ್ಲ. ಇಬ್ಬರು ಗೆಳೆಯರು ಒಂದೇ ಎಫ್ ಸಂಖ್ಯೆ ಇಟ್ಟೆವು ಎಂದು ಜಗಳಾಡುವಾಗ ಇದು ನೆನಪಿರಲಿ. ಎರಡನೆಯದು ಡಿಫ್ರಾಕ್ಷನ್. ಕಿಂಡಿ ಸಣ್ಣದಾದಷ್ಟೂ ಬೆಳಕು ಅಂಚಿನಲ್ಲಿ ಬಾಗಿ ಹರಡಿ, ಒಂದು ಬಿಂದು ಒಂದು ಚುಕ್ಕೆಯಾಗಿ ಬೀಳುತ್ತದೆ. ನಿಜವಾದ ಎಫ್/16ರಲ್ಲಿ ಆ ಚುಕ್ಕೆ ಸುಮಾರು 21 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ), ಎಫ್/32ರಲ್ಲಿ 43. ಮೇಲಿನ ಲೆಕ್ಕದಲ್ಲಿ ನಾವು ಶಾರ್ಪ್ ಎಂದು ಒಪ್ಪಿಕೊಂಡ ಮಿತಿಯೇ 30 ಮೈಕ್ರಾನ್, ಆ 0.06ರ ಅರ್ಧ. ಅಂದರೆ 1:1ರಲ್ಲಿ ಎಫ್/11 ದಾಟಿದ ಮೇಲೆ ಪದರ ದಪ್ಪವಾದ ಹಾಗೆ ಕಂಡರೂ ಅದರೊಳಗಿನ ಅತ್ಯುತ್ತಮ ಜಾಗವೂ ಮಂದವಾಗಿರುತ್ತದೆ. ಎಲ್ಲವೂ ಸಮನಾಗಿ ಮಸುಕು. ಅಳತೆಗೆಂದು ತೆಗೆಯುವವರು 1:1ರಲ್ಲಿ ಎಫ್/8ರಿಂದ ಎಫ್/11ರ ಒಳಗೇ ಇರುವುದು ಒಳ್ಳೆಯದು. ವಾಟ್ಸ್‌ಆ್ಯಪ್ಪಿಗೆ ಸಣ್ಣದು ಮಾಡಿ ಕಳಿಸುವುದಾದರೆ ಎಫ್/16 ಇಟ್ಟರೂ ಯಾರೂ ಕಂಡುಹಿಡಿಯುವುದಿಲ್ಲ, ಆ ಮಾತು ಬೇರೆ.

ಬೆಳಕಿನ ಕೊರತೆ ನಮ್ಮ ಕಡೆ ಬರೀ ಮಾತಲ್ಲ. ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ನೆರಳಿನ ತೋಟದಲ್ಲಿ ಮೋಡದ ದಿನ ಸೆನ್ಸರಿನ ಬೆಳಕಿನ ಸೂಕ್ಷ್ಮತೆ, ಅಂದರೆ ಐಎಸ್‌ಒ 800, ಎಫ್/8 ಇಟ್ಟು 1:1ಕ್ಕೆ ಹೋದರೆ ಶಟರ್ ಸೆಕೆಂಡಿನ 1/15ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಕೈಯಲ್ಲಿ ಹಿಡಿದು ತೆಗೆಯುವವರಿಗೆ ಅದು ಆಗದ ಮಾತು. ಲೆನ್ಸು 100 ಎಂ.ಎಂ. ಇದ್ದರೆ ಶಟರ್ 1/100 ಸಾಕು ಎಂಬ ಹಳೆಯ ಲೆಕ್ಕ ದೂರದ ವಸ್ತುವಿಗೆ. ಇಲ್ಲಿ ನಡುಕವೂ ವಸ್ತುವಿನಷ್ಟೇ ಹಿಗ್ಗುತ್ತದೆ. ಕೈನಡುಕ ತಡೆಯುವ ಲೆನ್ಸಿನೊಳಗಿನ ಸ್ಟೆಬಿಲೈಸೇಶನ್ನನ್ನು ನಂಬಿಕೊಂಡವರಿಗೂ ಸಮಾಧಾನವಿಲ್ಲ. 2009ರಲ್ಲಿ ಬಂದ ಕ್ಯಾನನ್ನಿನ 100 ಎಂ.ಎಂ. ಎಲ್ ಮ್ಯಾಕ್ರೋ ಲೆನ್ಸಿಗೆ ಕಂಪನಿಯೇ ಹೇಳಿದ್ದು ದೂರದ ವಸ್ತುವಿಗೆ ನಾಲ್ಕು ಸ್ಟಾಪ್ (ಒಂದು ಸ್ಟಾಪ್ ಎಂದರೆ ಶಟರ್ ಎರಡು ಪಟ್ಟು ನಿಧಾನ), 1:1ರಲ್ಲಿ ಎರಡೇ ಸ್ಟಾಪ್ ಎಂದು.

ಇನ್ನು ಗಾಳಿ. ಎಲೆಯೊಂದು ಸೆಕೆಂಡಿಗೆ ಒಂದು ಸೆಂಟಿಮೀಟರ್ ತೂಗುತ್ತಿದೆ ಎನ್ನಿ, ಅಂದರೆ ಗಾಳಿಯೇ ಇಲ್ಲ ಅನ್ನುವಷ್ಟು. 1/200 ಶಟರಿನಲ್ಲಿ ಅದು 0.05 ಮಿ.ಮೀ. ಸರಿಯುತ್ತದೆ. 1:1ರಲ್ಲಿ ಸೆನ್ಸರ್ ಮೇಲೂ ಅಷ್ಟೇ, 24 ಮೆಗಾಪಿಕ್ಸೆಲ್ ಫುಲ್ ಫ್ರೇಮಿನಲ್ಲಿ ಎಂಟು ಪಿಕ್ಸೆಲ್ ಉದ್ದದ ಗೀಟು. ಹುಳುವಿನ ಕಾಲಿನ ರೋಮ ಹೋಯಿತು. ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ ಮೇಲೆ ಹುಲ್ಲಿನ ಹೂವಿನ ಮ್ಯಾಕ್ರೋ ತೆಗೆಯುತ್ತೇನೆಂದು ಮಧ್ಯಾಹ್ನ ಹೋಗುವವರ ಧೈರ್ಯ ಮೆಚ್ಚಬೇಕು. ಗಾಳಿ ಇನ್ನೂ ಏಳದ ಬೆಳಗಿನ ಹೊತ್ತು, ಇಬ್ಬನಿ ಆರುವ ಮೊದಲು, ಹುಳಗಳೂ ಚಳಿಗೆ ಮರಗಟ್ಟಿ ಕೂತಿರುವಾಗ ಕೆಲಸ ಮುಗಿಸುವುದು ಜಾಣತನ.

ಫ್ಲ್ಯಾಶ್ ಇರುವುದು ಇದಕ್ಕೆ. ಸಾಮಾನ್ಯ ಫ್ಲ್ಯಾಶ್ ಗನ್ನನ್ನು 1/16, 1/32 ಪವರಿಗೆ ಇಳಿಸಿದರೆ ಅದು ಉರಿಯುವುದು ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದ ಆಸುಪಾಸು. ಅಷ್ಟರಲ್ಲಿ ಆ ಎಲೆ ಸರಿಯುವುದು ಒಂದು ಮೈಕ್ರಾನ್. ಶಟರ್ 1/200, ಎಫ್/8 ಅಥವಾ 11, ಐಎಸ್‌ಒ 200, ಎಲ್ಲ ಮ್ಯಾನ್ಯುಯಲ್. ಮೊದಲು ಫ್ಲ್ಯಾಶ್ ಹಾಕದೆ ಒಂದು ತೆಗೆಯಿರಿ. ಫೋಟೊ ಹೆಚ್ಚುಕಡಿಮೆ ಕಪ್ಪಾಗಿ ಬರಬೇಕು. ಕಪ್ಪಾಗದಿದ್ದರೆ ಹೊರಗಿನ ಬೆಳಕೂ ಚಿತ್ರ ಬರೆಯುತ್ತಿದೆ ಎಂದರ್ಥ, ಶಾರ್ಪ್ ಬಿಂಬದ ಪಕ್ಕ ಒಂದು ಮಸುಕು ನೆರಳು ಮೂಡುತ್ತದೆ. ಇನ್ನೊಂದು ತಪ್ಪು ಹೈ ಸ್ಪೀಡ್ ಸಿಂಕ್ ಆನ್ ಮಾಡಿಕೊಳ್ಳುವುದು. ಹೆಸರು ಕೇಳಿದರೆ ವೇಗ ಅನ್ನಿಸುತ್ತದೆ, ನಿಜದಲ್ಲಿ ಫ್ಲ್ಯಾಶ್ ಶಟರ್ ಹಾದುಹೋಗುವವರೆಗೂ ಪಟಪಟ ಉರಿಯುತ್ತಿರುತ್ತದೆ, ಹತ್ತು ಸಾವಿರದ ಒಂದು ಭಾಗದ ಲಾಭ ಕೈಬಿಟ್ಟುಹೋಗುತ್ತದೆ.

ಬರೀ ಫ್ಲ್ಯಾಶ್ ಹೊಡೆದರೆ ಜೀರುಂಡೆಯ ಬೆನ್ನು, ಕಾಯಿಯ ಸಿಪ್ಪೆಯಂಥ ಹೊಳಪಿನ ಮೈ ಮೇಲೆ ಬಿಳಿ ಚುಕ್ಕೆಗಳು ಸಿಡಿದು, ಆ ಜಾಗದ ವಿವರ ಸತ್ತುಹೋಗುತ್ತದೆ. ಬೆಳಕಿನ ಮುಂದೆ ತೆಳು ಬಿಳಿ ಫೋಮೋ, ಟ್ರೇಸಿಂಗ್ ಪೇಪರೋ ಕಮಾನಿನಂತೆ ಕಟ್ಟಿ. ಡಿಫ್ಯೂಸರ್ ವಸ್ತುವಿಗೆ ಎಷ್ಟು ಹತ್ತಿರವೋ ಬೆಳಕು ಅಷ್ಟು ಮೆತ್ತಗೆ. ಚರ್ಮದ ಮೇಲಿನ ಗುಳಿ, ಗೆರೆಗಳು ಎದ್ದು ಕಾಣಬೇಕಿದ್ದರೆ ಮಾತ್ರ ಬೆಳಕು ಪಕ್ಕದಿಂದ ಜಾರಿಕೊಂಡು ಬರಬೇಕು. ಹಳೇಬೀಡಿನ ಭಿತ್ತಿಯ ಬಳಪದ ಕಲ್ಲಿನಲ್ಲಿ ಆನೆಯ ಕೊರಳ ಗಂಟೆಸರವೂ ಹೀಗೆಯೇ, ಇಳಿಬಿಸಿಲು ಓರೆಗೆ ಬಿದ್ದಾಗ ಒಂದೊಂದೂ ಬಿಡಿಬಿಡಿ, ನೆತ್ತಿಯ ಮೇಲಿನ ಮೋಡದ ಬೆಳಕಿನಲ್ಲಿ ಎಲ್ಲ ಒಂದೇ ಮುದ್ದೆ. ಫೋಕಸ್ ಎರಡರಲ್ಲೂ ಸರಿಯೇ ಇರುತ್ತದೆ. (ಅಲ್ಲಿ ಟ್ರೈಪಾಡ್ ಬಿಚ್ಚಲು ಪುರಾತತ್ವ ಇಲಾಖೆಯ ಅನುಮತಿ ಬೇಕು.)

ಫೋಕಸ್ ಮಾಡುವ ಕೈಚಳಕದ ವಿಷಯ. 1:1ರ ಹತ್ತಿರ ಆಟೊಫೋಕಸ್ ಹಿಂದೆ ಮುಂದೆ ಒದ್ದಾಡುತ್ತದೆ, ಸಿಕ್ಕಿದ ಮೇಲೂ ನೀವು ಉಸಿರಾಡಿದರೆ ಪದರ ತಪ್ಪಿಹೋಗುತ್ತದೆ. ಲೆನ್ಸನ್ನು ಮ್ಯಾನ್ಯುಯಲ್‌ಗೆ ಹಾಕಿ, ಬೇಕಾದ ಮ್ಯಾಗ್ನಿಫಿಕೇಶನ್ನಿಗೆ ರಿಂಗ್ ತಿರುಗಿಸಿ ಬಿಟ್ಟುಬಿಡಿ. ಇನ್ನು ರಿಂಗ್ ಮುಟ್ಟಬಾರದು, ಮೈಯೇ ಫೋಕಸ್ ರಿಂಗ್. ಮೊಣಕೈ ಪಕ್ಕೆಗೋ ಮಂಡಿಗೋ ಊರಿ ನಿಧಾನ ಮುಂದಕ್ಕೆ ವಾಲುತ್ತ, ಹುಳದ ಕಣ್ಣು ಶಾರ್ಪ್ ಆಗುವ ಸ್ವಲ್ಪ ಮೊದಲೇ ಶುರುಮಾಡಿ ಐದಾರು ಫೋಟೊ ಒಟ್ಟಿಗೆ ಹೊಡೆಯಿರಿ. ಅದರಲ್ಲೊಂದು ಕೂರುತ್ತದೆ. ಇದಕ್ಕಿಂತಲೂ ಒಳ್ಳೆಯದು, ಎಡಗೈಯಲ್ಲಿ ರೆಂಬೆಯನ್ನೇ ಹಿಡಿದು ಅದೇ ಕೈಯ ಬುಡದ ಮೇಲೆ ಲೆನ್ಸಿನ ಮೂತಿ ಒರಗಿಸುವುದು. ಆಗ ಹುಳವೂ ಕ್ಯಾಮೆರಾವೂ ಒಟ್ಟಿಗೇ ತೂಗುತ್ತವೆ, ನಡುವಿನ ದೂರ ಬದಲಾಗುವುದಿಲ್ಲ. ಗಾಳಿಗೂ ನಡುಕಕ್ಕೂ ಒಂದೇ ಮದ್ದು.

ಟ್ರೈಪಾಡ್ ಇಡುವವರು ತೋಟದ ತರಗೆಲೆಯ ಮೇಲೆ ಇಡಬೇಡಿ, ಅದು ಹಾಸಿಗೆಯಂತೆ ಕುಪ್ಪಳಿಸುತ್ತದೆ. ಎಲೆ ಸರಿಸಿ ಕಾಲುಗಳನ್ನು ಗಟ್ಟಿ ಮಣ್ಣಿಗೆ ಒತ್ತಿ. ನೆಲಮಟ್ಟದ ಕೆಲಸಕ್ಕೆ ಬಟ್ಟೆ ಚೀಲಕ್ಕೆ ಒಂದೆರಡು ಸೇರು ಹುರುಳಿ ತುಂಬಿ ಹೊಲಿದುಕೊಂಡರೆ ಅದರಷ್ಟು ಗಟ್ಟಿ ಬೇರಿಲ್ಲ. ಎರಡು ಸೆಕೆಂಡಿನ ಟೈಮರ್, ಲೈವ್ ವ್ಯೂನಲ್ಲಿ ಹತ್ತು ಪಟ್ಟು ಹಿಗ್ಗಿಸಿ ಫೋಕಸ್. ಅಷ್ಟು ಸಾಕು.

ಮ್ಯಾಕ್ರೋ ಲೆನ್ಸ್ ಇಲ್ಲದವರಿಗೆ ದಾರಿಗಳು ಗೊತ್ತಿರುವವೇ. 50 ಎಂ.ಎಂ. ಲೆನ್ಸಿಗೆ 25 ಎಂ.ಎಂ. ಎಕ್ಸ್‌ಟೆನ್ಶನ್ ಟ್ಯೂಬ್ (ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಕೂರುವ ಗಾಜಿಲ್ಲದ ಕೊಳವೆ) ಹಾಕಿದರೆ ಅರ್ಧ ಗಾತ್ರ ಹೆಚ್ಚುತ್ತದೆ: ಟ್ಯೂಬಿನ ಉದ್ದವನ್ನು ಫೋಕಲ್ ಲೆಂಗ್ತಿನಿಂದ ಭಾಗಿಸಿ, ಅಷ್ಟೇ. ದೂರದ ವಸ್ತು ಫೋಕಸ್ ಆಗುವುದಿಲ್ಲ, ಕೆಟ್ಟಿತೆಂದು ಗಾಬರಿ ಬೇಡ. ಕಿಟ್ಟಿನ ಜೊತೆ ಬಂದ 55-250ರಂಥ ಜೂಮ್ ಮೂಲೆಯಲ್ಲಿ ಬಿದ್ದಿದ್ದರೆ ರೇನಾಕ್ಸ್ ಡಿಸಿಆರ್-250 ಎಂಬ ಕ್ಲಿಪ್ ಹಾಕುವ ಕ್ಲೋಸಪ್ ಲೆನ್ಸ್ ಇನ್ನೂ ಅನುಕೂಲ. ಅದರ ಪವರ್ ಎಂಟು ಡಯಾಪ್ಟರ್, ಕನ್ನಡಕಕ್ಕೆ ಹೇಳುವ ಅದೇ ಅಳತೆ. ಜೂಮನ್ನು ಇನ್‌ಫಿನಿಟಿಗೆ ಇಟ್ಟರೆ ವಸ್ತು 12 ಸೆಂಟಿಮೀಟರ್ ಚಿಲ್ಲರೆ ದೂರದಲ್ಲಿ ಶಾರ್ಪ್. 250ರಲ್ಲಿ ಎರಡು ಪಟ್ಟು, 125ರಲ್ಲಿ 1:1. ಇದರಲ್ಲಿ ಟ್ಯೂಬಿನಂತೆ ಬೆಳಕು ಕಡಿಮೆಯಾಗುವುದಿಲ್ಲ. ಆದರೆ ಪುಕ್ಕಟೆ ಅಲ್ಲ: ಅದೇ ಎಫ್/8ಕ್ಕೆ ಪದರ ಇನ್ನೂ ತೆಳು. ಹಾಗಾಗಿ ಇದನ್ನು ಹಾಕಿದಾಗ ಎಫ್/16ಕ್ಕೆ ಇಳಿಯಲು ಹೆದರಬೇಕಿಲ್ಲ, ಮೇಲೆ ಹೇಳಿದ ಏರುವ ಲೆಕ್ಕ ಇಲ್ಲಿ ಬರುವುದಿಲ್ಲ.

ಫೋನಿನವರೇ ಹೆಚ್ಚು, ಅವರ ಸಮಸ್ಯೆ ಸ್ವಲ್ಪ ಬೇರೆ. ಫೋನಿನ ಸೆನ್ಸರ್ ಸಣ್ಣದಾದ್ದರಿಂದ ಪದರ ಧಾರಾಳ, ಆದರೆ ಹಲವು ದೊಡ್ಡ ಫೋನುಗಳ ಮುಖ್ಯ ಕ್ಯಾಮೆರಾ 15-20 ಸೆಂಟಿಮೀಟರಿಗಿಂತ ಹತ್ತಿರ ಫೋಕಸ್ಸೇ ಆಗುವುದಿಲ್ಲ. ಅಂಗೈ ಸ್ಪಷ್ಟ, ಕಾಯಿ ಮಂಜು ಆಗುವುದು ಇಲ್ಲಿಂದ: ಕಾಯಿ ಆ ಮಿತಿಯ ಒಳಗಿದೆ, ಅಂಗೈ ಸ್ವಲ್ಪ ಹಿಂದಿದೆ. ಹತ್ತಿರ ನುಗ್ಗುವ ಬದಲು ಹಿಂದೆ ಬನ್ನಿ, ಶಾರ್ಪ್ ಆದಲ್ಲಿ ನಿಲ್ಲಿ, 2ಎಕ್ಸ್ ಒತ್ತಿ ಅಥವಾ ಆಮೇಲೆ ಕತ್ತರಿಸಿಕೊಳ್ಳಿ. 2021ರ ಐಫೋನ್ 13 ಪ್ರೊದಂಥ ಫೋನುಗಳಲ್ಲಿ ಅಲ್ಟ್ರಾವೈಡ್ ಕ್ಯಾಮೆರಾವೇ ಎರಡು ಸೆಂಟಿಮೀಟರಿನವರೆಗೆ ಹತ್ತಿರ ಹೋಗುತ್ತದೆ, ಫೋನು ತಾನಾಗಿ ಅದಕ್ಕೆ ಬದಲಾಗುತ್ತದೆ. ಅಲ್ಲಿ ತೊಂದರೆ ಫೋನಿನದೇ ನೆರಳು. ಕಿಟಕಿಗೆ ಅಡ್ಡಲಾಗಿ ನಿಂತು ಬೆಳಕು ಪಕ್ಕದಿಂದ ಬರುವಂತೆ ನೋಡಿಕೊಳ್ಳಿ. ಅಗ್ಗದ ಫೋನುಗಳ 2 ಮೆಗಾಪಿಕ್ಸೆಲ್ ಮ್ಯಾಕ್ರೋ ಕ್ಯಾಮೆರಾ ಲೆಕ್ಕಕ್ಕಿಲ್ಲ, ಮುಖ್ಯ ಕ್ಯಾಮೆರಾದ ಕತ್ತರಿಸಿದ ಚಿತ್ರವೇ ಅದಕ್ಕಿಂತ ವಾಸಿ. ಕ್ಲಿಪ್ ಲೆನ್ಸ್ ಹಾಕುವುದಾದರೆ ಫೋನಿನ ಕವರ್ ತೆಗೆದು ಹಾಕಿ, ಕ್ಯಾಮೆರಾದ ನಡುವಿಗೆ ಕೂರಿಸಿ. ಒಂದೆರಡು ಮಿಲಿಮೀಟರ್ ಪಕ್ಕಕ್ಕೆ ಹೋದರೂ ಒಂದು ಮೂಲೆ ಕರಗುತ್ತದೆ. ಕಾಯಿ ಹಿಡಿದ ಕೈಯ ಮಣಿಕಟ್ಟಿಗೆ ಫೋನ್ ಹಿಡಿದ ಕೈಯ ಮಣಿಕಟ್ಟು ತಾಗಿಸಿ. ತೆರೆಯ ಮೇಲೆ ತೂತಿನ ಜಾಗಕ್ಕೇ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ. ಲಾಕ್ ಆದ ಮೇಲೆ ಫೋಕಸ್ ತಪ್ಪಿದರೆ ಮತ್ತೆ ಒತ್ತಬೇಡಿ, ಫೋನನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ.

ಕೋನವನ್ನೂ ಸರಿ ಮಾಡಿ, ಎಫ್ ಸಂಖ್ಯೆಯ ಮಿತಿಯನ್ನೂ ಮುಟ್ಟಿ, ಇನ್ನೂ ಪದರ ಸಾಲದಿದ್ದರೆ ಸ್ಟ್ಯಾಕಿಂಗ್: ಪದರವನ್ನು ಸ್ವಲ್ಪ ಸ್ವಲ್ಪವೇ ಸರಿಸಿ ಹಲವು ಫೋಟೊ ತೆಗೆದು, ಶಾರ್ಪ್ ಭಾಗಗಳನ್ನು ಒಂದೇ ಚಿತ್ರವಾಗಿ ಸೇರಿಸುವುದು. ಒಣಗಿದ ಕಾಫಿ ಬೀಜ ಐದು ಮಿಲಿಮೀಟರ್ ದಪ್ಪ ಎನ್ನಿ. 1:1, ಎಫ್/5.6ರಲ್ಲಿ ಪದರ 0.67 ಮಿ.ಮೀ. ಒಂದರ ಮೇಲೊಂದು ಸ್ವಲ್ಪ ಹೊದ್ದುಕೊಳ್ಳಬೇಕಾದ್ದರಿಂದ ಅರ್ಧ ಮಿಲಿಮೀಟರಿಗೊಂದು ಹೆಜ್ಜೆ, ಹನ್ನೊಂದು ಫೋಟೊ, ಆಚೆ ಈಚೆ ಒಂದೊಂದು ಹೆಚ್ಚು. ಕ್ಯಾಮೆರಾವನ್ನು ಸ್ಕ್ರೂ ತಿರುಗಿಸಿ ಹಿಂದೆ ಮುಂದೆ ಸರಿಸುವ ಫೋಕಸ್ ರೈಲ್ ಇದ್ದರೆ ಮೊದಲು ಹತ್ತು ಸುತ್ತು ತಿರುಗಿಸಿ ಎಷ್ಟು ಸರಿಯಿತೆಂದು ಅಳೆದು ಹತ್ತರಿಂದ ಭಾಗಿಸಿಕೊಳ್ಳಿ, ಪೆಟ್ಟಿಗೆಯ ಮೇಲೆ ಬರೆದದ್ದನ್ನು ನಂಬಬೇಡಿ. ಯಾವಾಗಲೂ ಒಂದೇ ದಿಕ್ಕಿಗೆ ತಿರುಗಿಸಿ. ಹಿಂದಕ್ಕೆ ತಿರುಗಿಸಿದಾಗ ಮರೆಯ ಸಡಿಲು ಕಾಲು ಸುತ್ತು ನುಂಗಿಬಿಡುತ್ತದೆ, ಆ ಜಾಗದಲ್ಲಿ ಒಂದು ಪದರ ಬಿಟ್ಟುಹೋಗಿ ಸೇರಿಸಿದ ಚಿತ್ರದಲ್ಲಿ ಮಸುಕಿನ ಪಟ್ಟೆ ಮೂಡುತ್ತದೆ. ಕ್ಯಾಮೆರಾದೊಳಗೇ ಫೋಕಸ್ ಬ್ರಾಕೆಟಿಂಗ್ (ತಾನಾಗಿ ಫೋಕಸ್ ಸರಿಸುತ್ತ ಸಾಲಾಗಿ ತೆಗೆಯುವ ಸೌಲಭ್ಯ) ಇದ್ದರೆ ಅಲ್ಲಿನ ಹೆಜ್ಜೆಯ ಅಂಕಿ ಮಿಲಿಮೀಟರ್ ಅಲ್ಲ. ಒರಗಿಸಿದ ಸ್ಕೇಲಿನ ಮೇಲೆ ಒಮ್ಮೆ ಪರೀಕ್ಷಿಸಿ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಸೇರಿಸುವ ಸಾಫ್ಟ್‌ವೇರ್‌ಗಳಲ್ಲಿ ಹೆಲಿಕಾನ್ ಫೋಕಸ್, ಝೆರೀನ್ ಸ್ಟ್ಯಾಕರ್ ದುಡ್ಡಿನವು; ಹ್ಯೂಗಿನ್ ಜೊತೆಗೆ ಬರುವ ಎನ್‌ಫ್ಯೂಸ್ ಪುಕ್ಕಟೆ, ಸ್ವಲ್ಪ ತಲೆ ತಿನ್ನುತ್ತದೆ. ಮಲೆನಾಡಿನ ಹಳೆಯ ಮನೆಯ ಮರದ ಮಾಳಿಗೆಯ ಮೇಲೆ ಮಾತ್ರ ಸ್ಟ್ಯಾಕಿಂಗ್ ಮಾಡಬೇಡಿ. ಯಾರೋ ಬಚ್ಚಲಿಗೆ ನಡೆದರೂ ಹಲಗೆ ಅಲುಗುತ್ತದೆ. ಕೆಳಗಿನ ಗಾರೆ ನೆಲ, ಕಾಫಿ ಹಣ್ಣು ಸುಲಿಯುವ ಪಲ್ಪರ್ ಯಂತ್ರ ಓಡದ ಹೊತ್ತು, ಇವೆರಡು ಸರಿ.

ಕೆಟ್ಟ ಫೋಟೊ ಅಳಿಸುವ ಮುಂಚೆ ಒಮ್ಮೆ ಪೂರ್ತಿ ಹಿಗ್ಗಿಸಿ ನೋಡುವ ಅಭ್ಯಾಸ ಯಾವ ಲೆನ್ಸಿಗಿಂತಲೂ ದೊಡ್ಡದು. ಎಲ್ಲೋ ಒಂದು ಕಡೆ, ಹಿಂದಿನ ಎಲೆಯಲ್ಲೋ ಬೆರಳಿನಲ್ಲೋ, ಶಾರ್ಪ್ ಇದ್ದರೆ ಪದರ ತಪ್ಪಾದ ಜಾಗಕ್ಕೆ ಬಿದ್ದಿದೆ. ಎಲ್ಲೂ ಶಾರ್ಪ್ ಇಲ್ಲ, ಎಲ್ಲ ಅಂಚೂ ಒಂದೇ ದಿಕ್ಕಿಗೆ ಜೋಡಿ ಗೆರೆಯಾಗಿದ್ದರೆ ನಿಮ್ಮ ಕೈ ಅಲುಗಿದೆ. ರೆಂಬೆ ಸ್ಪಷ್ಟ, ಹುಳು ಮಾತ್ರ ಎಳೆದಂತಿದ್ದರೆ ಹುಳು ಅಲುಗಿದೆ. ದಿಕ್ಕೇ ಇಲ್ಲದೆ ಇಡೀ ಚಿತ್ರ ಸಮನಾಗಿ ಮಂದವಾಗಿದ್ದರೆ ಎಫ್ ಸಂಖ್ಯೆ ಅತಿಯಾಯಿತು. ಅದೂ ಸರಿಯಿದ್ದರೆ ಗಾಜು ನೋಡಿ.

ಗಾಜಿನ ಮೇಲೆ ಹಬೆ ಕೂರುವುದು ಆಷಾಢದಲ್ಲಿ ದಿನದ ಪಾಡು. ಎಸಿ ಕಾರಿನಿಂದ ಇಳಿದ ತಣ್ಣಗಿನ ಲೆನ್ಸು ಹೊರಗಿನ ತೇವದ ಗಾಳಿಗೆ ಬಂದೊಡನೆ ಮಂಜಾಗುತ್ತದೆ; ಒರೆಸಿದರೆ ಮತ್ತೆ ಕೂರುತ್ತದೆ. ಕ್ಯಾಮೆರಾವನ್ನು ಚೀಲದಲ್ಲೇ ಜಿಪ್ ಹಾಕಿ ಹದಿನೈದು ಇಪ್ಪತ್ತು ನಿಮಿಷ ಬಿಡಿ, ಹೊರಗಿನ ಬಿಸಿಗೆ ಹೊಂದಿಕೊಳ್ಳಲಿ. ಹಬೆಗಿಂತ ಕೆಟ್ಟದ್ದು ಬೂಷ್ಟು. ಅದು ಒಳಗಿನ ಗಾಜಿಗೆ ಹಿಡಿದರೆ ಬಿಳಿ ಬೇರುಗಳಂತೆ ಹರಡಿ ಕಾಂಟ್ರಾಸ್ಟನ್ನೇ ತಿನ್ನುತ್ತದೆ. ರಬ್ಬರ್ ಅಂಚಿನ ಡಬ್ಬ, ಒಳಗೆ ಸಿಲಿಕಾ ಜೆಲ್, ತೇವ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್. ತೇವಾಂಶ 40ರಿಂದ 50 ಪರ್ಸೆಂಟ್ ಇರಲಿ. ಜೆಲ್ ಬಣ್ಣ ಬದಲಾದಾಗ ಓವನ್ನಿನಲ್ಲಿ 120 ಡಿಗ್ರಿಗೆ ಒಂದೆರಡು ಗಂಟೆ ಇಟ್ಟರೆ ಮತ್ತೆ ಬಳಸಬಹುದು. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆಯೆಂದು ಲೆನ್ಸನ್ನು ಅಲ್ಲಿಡುವವರಿದ್ದಾರೆ. ಬೂಷ್ಟು ಬರುವುದಿಲ್ಲ ನಿಜ, ಹೊಗೆಯ ಜಿಡ್ಡು ಬರುತ್ತದೆ.

ಇಷ್ಟೆಲ್ಲ ಮಾಡಿ ತೆಗೆದದ್ದನ್ನು ವಾಟ್ಸ್‌ಆ್ಯಪ್ಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ಹಿಂಡಿ ಸಣ್ಣದು ಮಾಡಿಬಿಡುತ್ತದೆ. 24 ಮೆಗಾಪಿಕ್ಸೆಲ್ ಫುಲ್ ಫ್ರೇಮಿನಲ್ಲಿ 1:1ಕ್ಕೆ ತೆಗೆದರೂ ಸುಮಾರು 1.6 ಮಿ.ಮೀ. ಉದ್ದದ ಆ ಬೋರರ್ ಹುಳು ಆರು ಸಾವಿರ ಪಿಕ್ಸೆಲ್ ಅಗಲದ ಚಿತ್ರದಲ್ಲಿ ಆಕ್ರಮಿಸುವುದು 270 ಪಿಕ್ಸೆಲ್ಲಿನಷ್ಟು. ಹಿಂಡಿದ ಮೇಲೆ ಅದು ಕರಿ ಚುಕ್ಕೆ. ಬೇಕಾದ ಭಾಗವನ್ನು ಮೊದಲೇ ಕತ್ತರಿಸಿ, ಡಾಕ್ಯುಮೆಂಟ್ ಎಂದು ಕಳಿಸಿ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯವರಿಗಾಗಲಿ, ಊರಿನ ತಿಳಿದವರಿಗಾಗಲಿ ತೋರಿಸುವುದಾದರೆ ಮೂರು ಫೋಟೊ ಇರಲಿ: ಇಡೀ ಗಿಡ, ಕಾಯಿ ಇರುವ ಗಂಟು, ತೂತಿನ ಹತ್ತಿರದ ನೋಟ. ಕೊನೆಯದರಲ್ಲಿ ಸ್ಕೇಲು ಇಡುವವರು ಅದನ್ನು ಕಾಯಿಯ ಕೆಳಗೆ ಮೇಜಿನ ಮೇಲೆ ಇಡುತ್ತಾರೆ, ಗೆರೆಗಳು ಮಸುಕಾಗಿ ಅಳತೆಗೆ ಸಿಗುವುದಿಲ್ಲ. ಸ್ಕೇಲಿನ ಅಂಚು ತೂತಿನ ಮಟ್ಟಕ್ಕೇ ಬರುವ ಹಾಗೆ ಎರಡು ಬೆಂಕಿಪೊಟ್ಟಣದ ಮೇಲೋ ಒಂದು ಉಂಡೆ ಮಣ್ಣಿನ ಮೇಲೋ ಎತ್ತಿ ಕೂರಿಸಿ.